ನಿಮಗಿದು ಗೊತ್ತೇ? ಪುಡಿಯ ಮೇಲೊಂದು ಪುಡಿ

● 3ಡಿ ಪ್ರಿಂಟರ್ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿರುವುದು ಪ್ಲಾಸ್ಟಿಕ್ ದಾರವನ್ನು ಕರಗಿಸಿ ಸುತ್ತುಸುತ್ತಾಗಿ ಇಳಿಬಿಡುವ ಮೇಜಿನ ಮೇಲಿನ ಯಂತ್ರ. ಕಾರ್ಖಾನೆಗಳಲ್ಲಿ ಇನ್ನೊಂದು ಬಗೆಯಿದೆ. ಅದರಲ್ಲಿ ದಾರವೂ ಇಲ್ಲ, ನಳಿಕೆಯೂ ಇಲ್ಲ, ಅಂಟೂ ಇಲ್ಲ. ಇರುವುದು ಪುಡಿ ಮತ್ತು ಲೇಸರ್ ಕಿರಣ. ಬಿಸಿ ಪೆಟ್ಟಿಗೆಯೊಳಗೆ ಉರುಳೆಯೊಂದು ನೈಲಾನ್ ಪುಡಿಯನ್ನು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳ್ಳಗೆ ಹರಡುತ್ತದೆ. ಲೇಸರ್ ಬಂದು ಬೇಕಾದ ಆಕಾರವನ್ನು ಅದರ ಮೇಲೆ ಗೀಚುತ್ತದೆ. ಕಿರಣ ತಾಗಿದ ಪುಡಿ ಕರಗಿ ಬೆಸೆದುಕೊಳ್ಳುತ್ತದೆ, ತಾಗದ್ದು ಪುಡಿಯಾಗಿಯೇ ಉಳಿಯುತ್ತದೆ. ಪುಡಿಯ ಹಾಸು ಒಂದು ಪದರದಷ್ಟು ಕೆಳಗಿಳಿಯುತ್ತದೆ, ಉರುಳೆ ಮತ್ತೆ ಬರುತ್ತದೆ. ಹತ್ತು ಸೆಂಟಿಮೀಟರ್ ಎತ್ತರದ ವಸ್ತುವಿಗೆ ಇಂಥ ಸಾವಿರ ಪದರ ಬೇಕು.

● ಈ ಬಗೆಯಲ್ಲಿ ಆಸರೆ ಕಂಬಗಳೇ ಬೇಕಿಲ್ಲ. ಸುತ್ತ ತುಂಬಿರುವ ಕರಗದ ಪುಡಿಯೇ ವಸ್ತುವನ್ನು ಎತ್ತಿಹಿಡಿಯುತ್ತದೆ. ಹಾಗಾಗಿ ಕೊಂಡಿಗೆ ಕೊಂಡಿ ಸೇರಿದ ಸರಪಳಿ, ಆಡುವ ಕೀಲು, ಒಳಗೊಳಗೇ ತಿರುಗುವ ಕೊಳವೆ ಇವೆಲ್ಲ ಜೋಡಣೆಯ ಕೆಲಸವಿಲ್ಲದೆ ಒಂದೇ ಏಟಿಗೆ ಸಿದ್ಧವಾಗುತ್ತವೆ. ಅಮೆರಿಕದ ಎಫ್/ಎ-18 ಯುದ್ಧವಿಮಾನಗಳಿಗೆ ಬೋಯಿಂಗ್ ಹೀಗೆ ಮಾಡಿದ ನೈಲಾನ್ ಗಾಳಿಕೊಳವೆಗಳನ್ನು ಅಳವಡಿಸಿದೆ.

● ಈ ಬಗೆಯ ಯಂತ್ರವನ್ನು ಕಟ್ಟಿದ್ದು ಒಬ್ಬ ವಿದ್ಯಾರ್ಥಿ. ಕಾರ್ಲ್ ಡೆಕಾರ್ಡ್ 1981ರ ಬೇಸಿಗೆ ರಜೆಯಲ್ಲಿ ಹ್ಯೂಸ್ಟನ್‌ನ ಯಂತ್ರಶಾಲೆಯೊಂದರಲ್ಲಿ ಕೆಲಸಕ್ಕಿದ್ದ. ಎರಕಕ್ಕೆ ಬೇಕಾದ ಮಾದರಿಗಳನ್ನು ಕೈಯಿಂದಲೇ ಕೆತ್ತುತ್ತಿದ್ದುದನ್ನು ಅಲ್ಲಿ ಕಂಡ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಜೋ ಬೀಮನ್ ಅವರ ಜೊತೆಗೂಡಿ ಆತ ಕಟ್ಟಿದ ಒಂದು ಯಂತ್ರದ ಹೆಸರು ಬೆಟ್ಸಿ. ಆರಂಭದಲ್ಲಿ ಲೇಸರನ್ನು ಆಡಿಸಿದ್ದು ಆಗಿನ ಕಾಲದ ಮನೆಬಳಕೆಯ ಕಂಪ್ಯೂಟರ್, ಕೊಮೊಡೋರ್ 64. 1986ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1989ರಲ್ಲಿ ಅದು ಮಂಜೂರಾಯಿತು.

● ಅವರಿಗಿಂತ ಮೊದಲೇ ರಾಸ್ ಹೌಸ್‌ಹೋಲ್ಡರ್ ಎಂಬಾತ 1979ರಲ್ಲಿ ಹೆಚ್ಚುಕಡಿಮೆ ಇದೇ ಯೋಚನೆಗೆ ಪೇಟೆಂಟ್ ಅರ್ಜಿ ಹಾಕಿದ್ದರು. 1981ರಲ್ಲಿ ಪೇಟೆಂಟೂ ಸಿಕ್ಕಿತು. ಆದರೆ ಅದು ಮಾರುಕಟ್ಟೆಗೆ ಬರಲೇ ಇಲ್ಲ.

● ಪಾಲಿಮರ್ ಪುಡಿ ಬೆಸೆಯುವ ಕಾರ್ಖಾನೆಯ ಯಂತ್ರಗಳಲ್ಲಿ ಬಹುತೇಕವಾಗಿ ಉರಿಯುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು ಕಂಡುಹಿಡಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿದ ಚಂದ್ರ ಕುಮಾರ್ ಪಟೇಲ್. ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋಗಿ, 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಈ ಲೇಸರನ್ನು ಬೆಳಗಿಸಿದರು. ಆ ಕಿರಣದ ತರಂಗದುದ್ದ 10.6 ಮೈಕ್ರಾನ್. ನೈಲಾನಿನ ಅಣುಗಳು ಈ ಬೆಳಕನ್ನು ಚೆನ್ನಾಗಿ ಹೀರಿಕೊಂಡು ಬಿಸಿಯಾಗುತ್ತವೆ. ಬಾರಾಮತಿಯ ಹೆಸರು ರಾಜಕೀಯಕ್ಕೆ ಕೇಳಿಬಂದಷ್ಟು ಇದಕ್ಕೆ ಕೇಳಿಬರದಿರುವುದು ನನಗೆ ಬೇಸರದ ಸಂಗತಿ.

● ಪ್ಲಾಸ್ಟಿಕ್ಕುಗಳಲ್ಲಿ ನೂರೆಂಟು ಬಗೆ ಇದ್ದರೂ ಈ ಯಂತ್ರಗಳಲ್ಲಿ ಸಿಂಹಪಾಲು ಒಂದೇ ಒಂದರದ್ದು: ನೈಲಾನ್-12. ಕಾರಣ ಅದರ ಸ್ವಭಾವದಲ್ಲಿದೆ. ಈ ಕೆಲಸಕ್ಕೆಂದು ತಯಾರಿಸಿದ ನೈಲಾನ್-12 ಪುಡಿ 180 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಕರಗುತ್ತದೆ. ಕರಗಿದ್ದು ತಣಿಯುವಾಗ ಮಾತ್ರ ಅದೇ ಉಷ್ಣತೆಯಲ್ಲಿ ಗಟ್ಟಿಯಾಗುವುದಿಲ್ಲ, 150ರ ಆಸುಪಾಸಿಗೆ ಇಳಿಯುವವರೆಗೂ ಮೆದುವಾಗಿಯೇ ಇರುತ್ತದೆ. ಹಾಗಾಗಿ ಹಾಸನ್ನು ಎರಡರ ನಡುವೆ, ಅಂದರೆ ಸುಮಾರು 170 ಡಿಗ್ರಿಯಲ್ಲಿ ಹಿಡಿದಿಟ್ಟರೆ ಕರಗಿದ ಭಾಗ ಮತ್ತು ಕರಗದ ಪುಡಿ ಗಂಟೆಗಟ್ಟಲೆ ಅಕ್ಕಪಕ್ಕದಲ್ಲೇ ಇರಬಲ್ಲವು.

ಈ ನಡುವಣ ಅಂತರ ಕಿರಿದಾದರೆ ಏನಾಗುತ್ತದೆ? ಒಂದು ಪದರ ಬೆಸೆದ ಕೂಡಲೇ ಹರಳುಗಟ್ಟಿ ಕುಗ್ಗುತ್ತದೆ, ಅಂಚು ಮೇಲಕ್ಕೆ ಸುರುಳಿ ಏಳುತ್ತದೆ. ಮುಂದಿನ ಪದರ ಹರಡಲು ಬಂದ ಉರುಳೆಗೆ ಆ ಅಂಚು ಸಿಕ್ಕಿ ಇಡೀ ತುಂಡು ಪುಡಿಯೊಳಗಿಂದ ಕಿತ್ತುಕೊಂಡು ಬರುತ್ತದೆ. ಅಷ್ಟು ಹೊತ್ತಿನ ಕೆಲಸವೆಲ್ಲ ಹಾಳು. ಹೊಸ ಪಾಲಿಮರ್ ಪುಡಿಗಳು ಪ್ರಯೋಗಾಲಯ ದಾಟಿ ಕಾರ್ಖಾನೆಗೆ ಬರಲು ತಿಣುಕುವುದು ಹೆಚ್ಚಾಗಿ ಇಲ್ಲೇ.

● ಒಂದೇ ಪ್ಲಾಸ್ಟಿಕ್ಕನ್ನು ನೆಚ್ಚಿಕೊಂಡರೆ ಅಪಾಯವೂ ಉಂಟು. 2012ರ ಮಾರ್ಚ್ 31ರಂದು ಜರ್ಮನಿಯ ಮಾರ್ಲ್ ಪಟ್ಟಣದ ಇವೋನಿಕ್ ಕಾರ್ಖಾನೆಯಲ್ಲಿ ಸ್ಫೋಟವಾಗಿ ಇಬ್ಬರು ಕಾರ್ಮಿಕರು ತೀರಿಕೊಂಡರು. ನೈಲಾನ್-12ಕ್ಕೆ ಬೇಕಾದ ಮೂಲ ರಾಸಾಯನಿಕ ತಯಾರಾಗುತ್ತಿದ್ದುದು ಆ ಘಟಕದಲ್ಲಿ. ಕಾರುಗಳ ಬ್ರೇಕ್ ಮತ್ತು ಇಂಧನದ ಕೊಳವೆಗಳಿಗೂ ಇದೇ ನೈಲಾನ್ ಬೇಕು. ಮುಂದಿನ ತಿಂಗಳೇ ಅಮೆರಿಕದ ಡೆಟ್ರಾಯಿಟ್ ಬಳಿ ಕಾರು ಉದ್ಯಮದವರು ತುರ್ತುಸಭೆ ಸೇರಿ, ಬದಲಿ ಪ್ಲಾಸ್ಟಿಕ್ ಯಾವುದೆಂದು ಚರ್ಚಿಸಬೇಕಾಯಿತು.

● ಆ ಬದಲಿಗಳಲ್ಲಿ ಒಂದು ನಮ್ಮ ಹೊಲದಲ್ಲೇ ಇದೆ. ನೈಲಾನ್-11 ತಯಾರಾಗುವುದು ಪೆಟ್ರೋಲಿಯಂನಿಂದಲ್ಲ, ಹರಳೆಣ್ಣೆಯಿಂದ! ಬಯಲುಸೀಮೆಯ ಹೊಲದ ಬದುಗಳಲ್ಲಿ ಬೆಳೆಯುವ, ಉತ್ತರ ಕರ್ನಾಟಕದವರು ಔಡಲ ಎನ್ನುವ ಅದೇ ಗಿಡದ ಬೀಜ. ಹರಳೆಣ್ಣೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ರಿಸಿನೋಲಿಕ್ ಆಮ್ಲ. ಅದನ್ನು ಹೆಚ್ಚಿನ ಬಿಸಿಯಲ್ಲಿ ಒಡೆದರೆ ಹನ್ನೊಂದು ಇಂಗಾಲದ ಸರಪಳಿ ಸಿಗುತ್ತದೆ, ಆ ಸರಪಳಿಗಳನ್ನು ಒಂದಕ್ಕೊಂದು ಕೊಂಡಿ ಹಾಕಿದರೆ ನೈಲಾನ್-11. ಫ್ರಾನ್ಸಿನಲ್ಲಿ 1940ರ ದಶಕದಲ್ಲೇ ರೂಪುಗೊಂಡ ಈ ವಿದ್ಯೆಯನ್ನು ಇಂದು ನಡೆಸಿಕೊಂಡು ಬರುತ್ತಿರುವುದು ಅಲ್ಲಿಯ ಆರ್ಕೆಮಾ ಕಂಪನಿ. ಜಗತ್ತಿನ ಹರಳುಬೀಜದ ಬಹುಪಾಲು ಬೆಳೆಯುವುದು ಭಾರತದಲ್ಲಿ, ಅದರಲ್ಲೂ ಗುಜರಾತಿನಲ್ಲಿ. ನೈಲಾನ್-12ಕ್ಕಿಂತ ನೈಲಾನ್-11 ಹೆಚ್ಚು ಬಾಗುತ್ತದೆ, ಸುಲಭಕ್ಕೆ ಮುರಿಯುವುದಿಲ್ಲ. ಅದಕ್ಕೇ ಕೃತಕ ಕಾಲಿನ ಭಾಗಗಳಿಗೆ, ಪಾದದ ಆಧಾರಗಳಿಗೆ ಇದರ ಪುಡಿಯನ್ನು ಆರಿಸಿಕೊಳ್ಳುತ್ತಾರೆ.

● ಲೇಸರಿಗೆ ಕೊಡುವ ನೈಲಾನ್ ಪುಡಿಯ ಒಂದು ಕಣ ಸರಾಸರಿ 50ರಿಂದ 60 ಮೈಕ್ರಾನ್ ಅಗಲ. ಎಲ್ಲ ಕಣಗಳೂ 60 ಮೈಕ್ರಾನಿನ ಗುಂಡುಗಳೇ ಎಂದುಕೊಂಡು ಲೆಕ್ಕ ಹಾಕಿ ನೋಡಿ: ಒಂದು ಕಿಲೋ ಪುಡಿಯಲ್ಲಿ ಸುಮಾರು 900 ಕೋಟಿ ಕಣಗಳು. ಭೂಮಿಯ ಮೇಲಿರುವ ಜನರಿಗಿಂತ ಹೆಚ್ಚು.

● ಇಂಥ ಪುಡಿ ಮಾಡಲು ನೈಲಾನನ್ನು ಅರೆಯಬಹುದು. ಆದರೆ ನೈಲಾನ್ ಅರೆಯುವ ಬಿಸಿಗೆ ಮೆತ್ತಗಾಗಿ ಎಳೆಎಳೆಯಾಗುತ್ತದೆ. ಹಾಗಾಗಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಸೆಟೆಸಿ ಅರೆಯಬೇಕು. ಆಗಲೂ ಕಣಗಳು ಚೂಪುಚೂಪಾಗಿ, ಒಂದಕ್ಕೊಂದು ಸಿಕ್ಕಿಕೊಳ್ಳುವಂತೆ ಬರುತ್ತವೆ. ಒಳ್ಳೆಯ ದಾರಿ ಬೇರೆಯದೇ ಇದೆ. ಒತ್ತಡದ ಪಾತ್ರೆಯಲ್ಲಿ ಬಿಸಿ ಎಥನಾಲ್‌ನಲ್ಲಿ ನೈಲಾನನ್ನು ಕರಗಿಸಿ, ಕಲಕುತ್ತ ನಿಧಾನವಾಗಿ ತಣಿಸಿದರೆ ಅದು ತಾನಾಗಿ ಉರುಟು ಕಣಗಳಾಗಿ ಕೂರುತ್ತದೆ. ಈ ಆಕಾರಕ್ಕೆ ಎಂಜಿನಿಯರುಗಳ ಬಾಯಲ್ಲಿ ಆಲೂಗಡ್ಡೆ ಎಂದೇ ಹೆಸರು.

● ಈಗ ನ್ಯಾನೋ ವಿಷಯಕ್ಕೆ ಬರೋಣ. 60 ಮೈಕ್ರಾನಿನ ಕಣದ ಮೇಲೆ ಅದಕ್ಕಿಂತ ಸಾವಿರಾರು ಪಟ್ಟು ಸಣ್ಣ ಕಣಗಳನ್ನು ಕೂರಿಸಿದರೆ ಅದು ನ್ಯಾನೋಕಾಂಪೊಸಿಟ್ ಪುಡಿ. ಬೆಳ್ಳಿ, ಇಂಗಾಲ, ಮರಳಿನ ಸಿಲಿಕಾ, ಜೇಡಿಮಣ್ಣು, ಕಬ್ಬಿಣದ ಆಕ್ಸೈಡ್, ಹೀಗೆ ಏನನ್ನು ಬೇಕಾದರೂ ಕೂರಿಸಬಹುದು. ನೈಲಾನಿಗೆ ತನ್ನಲ್ಲಿಲ್ಲದ ಗುಣವನ್ನು ಇವು ಎರವಲು ಕೊಡುತ್ತವೆ.

● ಸಣ್ಣ ಕಣಕ್ಕೆ ಇಷ್ಟು ಶಕ್ತಿ ಎಲ್ಲಿಂದ? ಮೇಲ್ಮೈಯಿಂದ. ಒಂದು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ಘನವೊಂದರ ಮೇಲ್ಮೈ ಬರೀ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರಿನ ಘನಗಳಾಗಿ ಕತ್ತರಿಸುತ್ತ ಹೋದರೆ ಒಟ್ಟು ಮೇಲ್ಮೈ 600 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ 30×40ರ ಐದು ಸೈಟುಗಳಿಗಿಂತ ಹೆಚ್ಚು! ವಸ್ತು ಅಷ್ಟೇ, ತೂಕ ಅಷ್ಟೇ. ಆದರೆ ಪಾಲಿಮರನ್ನು ಮುಟ್ಟುವ ಜಾಗ ಹತ್ತು ಲಕ್ಷ ಪಟ್ಟು ಹೆಚ್ಚಾಯಿತು. ಅದಕ್ಕೇ ಚಿಟಿಕೆಯಷ್ಟು ಸಾಕಾಗುವುದು.

● ನ್ಯಾನೋಕಣ ಈ ಕ್ಷೇತ್ರಕ್ಕೆ ಮೊದಲು ಕಾಲಿಟ್ಟದ್ದು ಬಲ ಕೊಡಲಿಕ್ಕಲ್ಲ, ಪುಡಿ ಸರಾಗವಾಗಿ ಹರಿಯಲಿಕ್ಕೆ. ನೂರು ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ತಮ್ಮ ತೂಕಕ್ಕಿಂತ ಪರಸ್ಪರ ಅಂಟಿಕೊಳ್ಳುವ ಸೆಳೆತವೇ ಜಾಸ್ತಿ. ಹರಡಲು ಹೋದರೆ ಗಂಟುಗಂಟಾಗುತ್ತವೆ, ಪದರದಲ್ಲಿ ಗೀರು ಬೀಳುತ್ತದೆ. ಒಂದು ಕಿಲೋಗೆ ಎರಡು ಗ್ರಾಮಿನಷ್ಟು ಸಿಲಿಕಾ ನ್ಯಾನೋಪುಡಿ ಬೆರೆಸಿದರೆ ಅದು ಕಣಗಳ ಮೈಮೇಲೆ ಕುಳಿತು, ಒಂದನ್ನೊಂದು ಮುಟ್ಟದಂತೆ ದೂರವಿಡುತ್ತದೆ. ಪುಡಿ ನೀರಿನಂತೆ ಜಾರುತ್ತದೆ.

● ಸಿಲಿಕಾ ನಿಮ್ಮ ಅಡುಗೆಮನೆಯಲ್ಲೂ ಇರಬಹುದು. ಇನ್‌ಸ್ಟಂಟ್ ಸೂಪ್, ಮಸಾಲೆ ಪುಡಿ, ಕೆಲವು ಪುಡಿ ಉಪ್ಪಿನ ಪೊಟ್ಟಣಗಳ ಹಿಂಬದಿಯಲ್ಲಿ 551 ಎಂಬ ಸಂಖ್ಯೆ ಹುಡುಕಿ. ಗಂಟು ಕಟ್ಟದಿರಲೆಂದು ಬೆರೆಸುವ ಸಿಲಿಕಾದ ಗುರುತು ಅದು. ಇದರ ಅತಿ ಹಗುರ ರೂಪವನ್ನು ಹೈಡ್ರೋಜನ್ ಜ್ವಾಲೆಯೊಳಗೆ ತಯಾರಿಸುವ ವಿಧಾನ ಹುಟ್ಟಿದ್ದು 1940ರ ದಶಕದ ಜರ್ಮನಿಯಲ್ಲಿ.

● ನ್ಯಾನೋಕಣ ಬೆರೆಸಿದ ಪಾಲಿಮರ್ ಹೊಸದೇನಲ್ಲ. ನಿಮ್ಮ ಸ್ಕೂಟರಿನ ಟೈರು ನೋಡಿ. ಮೊದಮೊದಲ ಟೈರುಗಳು ಬಿಳಿಚಿಕೊಂಡಿದ್ದವು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಾರ್ಬನ್ ಬ್ಲ್ಯಾಕ್, ಅಂದರೆ ಒಂದು ಬಗೆಯ ಕಾಡಿಗೆಯನ್ನು ರಬ್ಬರಿಗೆ ಬೆರೆಸಿದಾಗ ಸವೆತ ಗಣನೀಯವಾಗಿ ಕಡಿಮೆಯಾಯಿತು, ಟೈರು ಕಪ್ಪಾಯಿತು. ಆ ಕಾಡಿಗೆಯ ಮೂಲಕಣಗಳ ಅಳತೆ ಹತ್ತಾರು ನ್ಯಾನೋಮೀಟರ್. ಆಗ ನ್ಯಾನೋ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ.

● ನೈಲಾನಿಗೂ ನ್ಯಾನೋಗೂ ನಂಟು ಬೆಳೆಸಿದವರು ಜಪಾನಿನ ಟೊಯೋಟಾ ಸಂಶೋಧಕರು. 1980ರ ದಶಕದಲ್ಲಿ ಅವರು ನೈಲಾನ್-6ರೊಳಗೆ ಜೇಡಿಮಣ್ಣಿನ ಒಂದು ನ್ಯಾನೋಮೀಟರ್ ದಪ್ಪದ ಹಾಳೆಗಳನ್ನು ಬಿಡಿಬಿಡಿಯಾಗಿ ಹರಡಿದರು. ಮಣ್ಣಿನ ಪಾಲು ನೂರಕ್ಕೆ ಐದನ್ನೂ ಮುಟ್ಟಿರಲಿಲ್ಲ. ಆದರೂ ಭಾರ ಹೊತ್ತ ನೈಲಾನ್ ಬಿಸಿಗೆ ಬಾಗತೊಡಗುವ ಉಷ್ಣತೆ 65 ಡಿಗ್ರಿಯಿಂದ 140ರ ಆಚೆಗೆ ಜಿಗಿಯಿತು. 1993ರ ಹೊತ್ತಿಗೆ ಆ ನೈಲಾನ್ ಕಾರಿನ ಎಂಜಿನ್ ಪಕ್ಕದ ಟೈಮಿಂಗ್ ಬೆಲ್ಟಿನ ಮುಚ್ಚಳವಾಗಿ ರಸ್ತೆಗಿಳಿದಿತ್ತು. ಇಂಥ ಜೇಡಿಹಾಳೆಗಳಿಗೆ ಇನ್ನೊಂದು ಉಪಕಾರವೂ ಗೊತ್ತು: ಬೆಂಕಿ ಹತ್ತಿದಾಗ ಮೇಲೆ ಕರಕಲು ಪೊರೆ ಕಟ್ಟಿ ಉರಿಯನ್ನು ನಿಧಾನಿಸುತ್ತವೆ.

● ಮೇಜಿನ ಮೇಲಿಡುವ ಚಿಕ್ಕ ಲೇಸರ್ ಪ್ರಿಂಟರುಗಳ ಪುಡಿ ಕಪ್ಪು ಅಥವಾ ಬೂದು ಬಣ್ಣದ್ದೇ ಏಕೆ? ಅವುಗಳಲ್ಲಿರುವುದು ದುಬಾರಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಅಲ್ಲ, ಸಿಡಿ ಪ್ಲೇಯರಿನ ಕುಲದ ಅಗ್ಗದ ಡಯೋಡ್ ಲೇಸರ್. ಅದರ ಬೆಳಕನ್ನು ಬಿಳಿ ನೈಲಾನ್ ಹೀರುವುದೇ ಇಲ್ಲ, ಕಿರಣ ಸುಮ್ಮನೆ ಚದುರಿಹೋಗುತ್ತದೆ. ಕಾಡಿಗೆಯ ನ್ಯಾನೋಕಣ ಸವರಿದರೆ ಬೆಳಕನ್ನು ಆ ಕಾಡಿಗೆ ಹಿಡಿದು ಬಿಸಿಯಾಗಿ ನೈಲಾನನ್ನು ಕರಗಿಸುತ್ತದೆ. 2016ರಲ್ಲಿ ಎಚ್‌ಪಿ ಕಂಪನಿ ತಂದ ಯಂತ್ರವೂ ಇದೇ ಸೂತ್ರ ಹಿಡಿದು ಲೇಸರನ್ನೇ ಕೈಬಿಟ್ಟಿತು. ಬೇಕಾದ ಕಡೆ ಕಪ್ಪು ಶಾಯಿ ಚಿಮುಕಿಸಿ, ಮೇಲಿಂದ ಅವಗೆಂಪು ದೀಪ ಹಾಯಿಸುತ್ತದೆ. ಶಾಯಿ ಬಿದ್ದಲ್ಲಿ ಮಾತ್ರ ಪುಡಿ ಕರಗುತ್ತದೆ.

● ಇನ್ನು ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಮಾತು: ನ್ಯಾನೋಕಣ ಎಷ್ಟು ಹಾಕಿದಿರಿ ಎಂಬುದಕ್ಕಿಂತ ಎಲ್ಲಿ ಕೂರಿಸಿದಿರಿ ಎಂಬುದೇ ದೊಡ್ಡದು.

ಇಂಗಾಲದ ನ್ಯಾನೋನಳಿಕೆಗಳನ್ನೇ ತೆಗೆದುಕೊಳ್ಳಿ. 1991ರಲ್ಲಿ ಜಪಾನಿನ ಸುಮಿಯೋ ಇಜಿಮಾ ಇವುಗಳ ಬಗ್ಗೆ ಪ್ರಬಂಧ ಪ್ರಕಟಿಸಿದ ಮೇಲೆ ಜಗತ್ತೇ ಇವುಗಳ ಹಿಂದೆ ಬಿತ್ತು. ಇವು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತವೆ, ನೈಲಾನ್ ಹರಿಸುವುದಿಲ್ಲ. ನೈಲಾನಿನೊಳಗೆ ವಿದ್ಯುತ್ ಹರಿಯಬೇಕಾದರೆ ನಳಿಕೆಗಳು ಒಂದಕ್ಕೊಂದು ತಾಕಿ ಈ ತುದಿಯಿಂದ ಆ ತುದಿಯವರೆಗೆ ದಾರಿ ಕಟ್ಟಬೇಕು. ಕರಗಿದ ನೈಲಾನಿಗೆ ನಳಿಕೆ ಸುರಿದು ಗೊಟಾಯಿಸಿದರೆ ಅವು ಇಡೀ ಗಾತ್ರದಲ್ಲಿ ಹರಡಿಹೋಗುತ್ತವೆ. ದಾರಿ ಕಟ್ಟಲು ಹೆಚ್ಚು ನಳಿಕೆ ಬೇಕು, ಖರ್ಚೂ ಹೆಚ್ಚು.

ಅದೇ ನಳಿಕೆಗಳನ್ನು ಪುಡಿಯ ಪ್ರತಿ ಕಣದ ಹೊರಮೈಗೆ ಮಾತ್ರ ಲೇಪಿಸಿದರೆ? ಲೇಸರ್ ಬಿದ್ದಾಗ ಕಣ ಕರಗಿ ನೆರೆಯ ಕಣಕ್ಕೆ ಸೇರುತ್ತದೆ. ಇಲ್ಲಿ ಯಾರೂ ಕಲಕುವುದಿಲ್ಲ, ಒತ್ತುವುದಿಲ್ಲ, ತೂತಿನ ಮೂಲಕ ತೂರಿಸುವುದಿಲ್ಲ. ಹಾಗಾಗಿ ನಳಿಕೆಗಳು ಕಣಕಣಗಳ ನಡುವಣ ಬೆಸುಗೆಯಲ್ಲೇ ಉಳಿದು, ವಸ್ತುವಿನ ಉದ್ದಗಲಕ್ಕೂ ಸಂಪರ್ಕಜಾಲ ಕಟ್ಟುತ್ತವೆ. ನೂರಕ್ಕೆ ಒಂದಕ್ಕಿಂತ ಕಡಿಮೆ ನಳಿಕೆಯಲ್ಲೇ ನೈಲಾನ್ ವಿದ್ಯುತ್ ಹರಿಸತೊಡಗುತ್ತದೆ. ಅದೇ ಪುಡಿಯನ್ನು ಅಚ್ಚಿಗೆ ಒತ್ತಡದಿಂದ ತೂರಿಸಿದರೆ ಜಾಲ ಕಲಸಿಹೋಗುತ್ತದೆ. ಪ್ಲಾಸ್ಟಿಕ್ ಉದ್ಯಮದಲ್ಲಿ ಲೇಸರ್ ಬೆಸುಗೆಯ ಕೊರತೆ ಎಂದು ಹೇಳುತ್ತಿದ್ದುದು ಈ ಒತ್ತಡವಿಲ್ಲದ ಗುಣವನ್ನೇ. ಇಲ್ಲಿ ಅದೇ ಉಪಕಾರಕ್ಕೆ ಬಂದಿದೆ. ಸ್ಥಾಯೀ ವಿದ್ಯುತ್ತಿನ ಕಿಡಿ ಹಾರಬಾರದ ಇಂಧನದ ಭಾಗಗಳಿಗೆ, ಎಲೆಕ್ಟ್ರಾನಿಕ್ಸ್ ಹಿಡಿಕೆಗಳಿಗೆ ಇಂಥ ನೈಲಾನ್ ಬೇಕೇ ಬೇಕು.

ಇದಕ್ಕೊಂದು ಬೆಲೆಯೂ ಇದೆ. ಬೆಸುಗೆಯ ಜಾಗದಲ್ಲೇ ಅನ್ಯವಸ್ತು ಕುಳಿತರೆ ಕಣಗಳು ಪೂರ್ತಿ ಒಂದಾಗಲು ಅಡ್ಡಿಯಾಗಬಹುದು, ಎಳೆದಾಗ ವಸ್ತು ಹಿಗ್ಗದೆ ಮುರಿಯಬಹುದು. ವಿದ್ಯುತ್ ಹರಿಯುವಷ್ಟು ದಟ್ಟವಾಗಿಯೂ, ಬೆಸುಗೆ ಕೆಡದಷ್ಟು ತೆಳ್ಳಗೂ ಲೇಪಿಸುವುದು ಈ ಕಸುಬಿನ ಸೂಕ್ಷ್ಮ.

● ಬೆಂಗಳೂರಿನಲ್ಲೂ ನ್ಯಾನೋ-ಪಾಲಿಮರ್ ವಿಷಯದಲ್ಲಿ ಮಹತ್ವದ ಕೆಲಸ ನಡೆದಿದೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಉಪದ್ರಷ್ಟ ರಾಮಮೂರ್ತಿ ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನವದು. ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾಲಿಮರಿಗೆ ನ್ಯಾನೋವಜ್ರ, ಗ್ರಾಫೀನ್, ನ್ಯಾನೋನಳಿಕೆ ಈ ಮೂರರಲ್ಲಿ ಯಾವುದಾದರೂ ಎರಡನ್ನು ಒಟ್ಟಿಗೆ ಬೆರೆಸಿ ನೋಡಿದರು. ಒಂದೊಂದನ್ನೇ ಬೆರೆಸಿದಾಗ ಸಿಗುವುದಕ್ಕಿಂತ ಎರಡು ಕೂಡಿದಾಗ ಸೆಡಸುತನ ಮತ್ತು ಗಡಸುತನ ಶೇಕಡ 400ರವರೆಗೂ ಹೆಚ್ಚಿದ್ದು ಕಂಡಿತು. ಅದು ಲೇಸರ್ ಪುಡಿಯ ಮೇಲಿನ ಪ್ರಯೋಗವಲ್ಲ, ತೆಳು ಹಾಳೆಗಳ ಮೇಲಿನದ್ದು. ಆದರೆ ಎರಡು ನ್ಯಾನೋಕಣಗಳು ಕೂಡಿ ದುಡಿದರೆ ಲೆಕ್ಕಕ್ಕಿಂತ ಹೆಚ್ಚು ಫಲ ಸಿಗುತ್ತದೆಂಬ ಆ ಪಾಠ ಪುಡಿಯವರಿಗೂ ಬೇಕಾದದ್ದೇ.

● ಲೇಸರಿಗೆ ಬೇಕಾದ ನ್ಯಾನೋಕಣವನ್ನು ಲೇಸರಿನಿಂದಲೇ ಮಾಡಬಹುದು! ಬೆಳ್ಳಿಯ ತುಂಡೊಂದನ್ನು ಶುದ್ಧ ನೀರಿನಲ್ಲಿ ಮುಳುಗಿಸಿ, ಅದರ ಮೇಲೆ ಲೇಸರ್ ಮಿಡಿತಗಳನ್ನು ಹಾಯಿಸಿದರೆ ಪ್ರತಿ ಹೊಡೆತಕ್ಕೂ ಲೋಹದ ಮೈಯಿಂದ ಒಂದಿಷ್ಟು ಆವಿಯಾಗಿ ಸಿಡಿದು, ನೀರಿನಲ್ಲಿ ಕೂಡಲೇ ತಣಿದು ನ್ಯಾನೋಕಣಗಳಾಗುತ್ತದೆ. ನೋಡನೋಡುತ್ತ ನೀರು ಹಳದಿಗೆ ತಿರುಗುತ್ತದೆ. ಚಿನ್ನದ ತುಂಡಾದರೆ ನೀರು ಮಾಣಿಕ್ಯಗೆಂಪು. ಇದು ನಾವು ಅಂಗಡಿಯಲ್ಲಿ ಕಾಣುವ ಲೋಹದ ಬಣ್ಣವಲ್ಲ. ಲೋಹ ಯಾವುದು, ಕಣದ ಅಳತೆ ಎಷ್ಟು ಎಂಬುದರಿಂದ ಬಣ್ಣ ಹುಟ್ಟುತ್ತದೆ.

ಈ ನೀರಿಗೆ ನೈಲಾನ್ ಪುಡಿ ಸುರಿದು ಕಲಕಿ, ನೀರಿನ ಆಮ್ಲೀಯತೆಯನ್ನು ಸರಿಹೊಂದಿಸಿದರೆ ನ್ಯಾನೋಕಣಗಳು ನೈಲಾನಿನ ಮೈಗೆ ಹೋಗಿ ಅಂಟಿಕೊಳ್ಳುತ್ತವೆ. ಸೋಸಿ ಒಣಗಿಸಿದರೆ ಪುಡಿ ಸಿದ್ಧ. ಜರ್ಮನಿಯ ಡ್ಯೂಯಿಸ್‌ಬುರ್ಗ್-ಎಸ್ಸೆನ್ ವಿಶ್ವವಿದ್ಯಾಲಯದ ಸಂಶೋಧಕರು ಈ ಹಾದಿಯಲ್ಲಿ ಬಹುದೂರ ಸಾಗಿದ್ದಾರೆ. ರಾಸಾಯನಿಕ ವಿಧಾನದಲ್ಲಿ ತಯಾರಿಸಿದ ಕಣಗಳ ಮೈಗೆ ಅಂಟಿಕೊಂಡು ಬರುವ ಸಾಬೂನಿನಂಥ ಕಲ್ಮಶ ಇಲ್ಲಿಲ್ಲ. ವೈದ್ಯಕೀಯ ಬಳಕೆಗೆ ಇದು ಸಣ್ಣ ಲಾಭವಲ್ಲ.

● ದ್ರವದೊಳಗೆ ಲೇಸರ್ ಹೊಡೆದು ಹೊಸ ವಸ್ತು ಪಡೆಯುವ ಈ ವಿದ್ಯೆಯ ಆದ್ಯರಲ್ಲಿ ಪುಣೆ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳೂ ಇದ್ದಾರೆ. ನೀರಿನಲ್ಲಿಟ್ಟ ಕಬ್ಬಿಣದ ಮೇಲೆ ಅವರು ಮಾಡಿದ ಪ್ರಯೋಗ 1987ರಲ್ಲಿ ಫಿಸಿಕಲ್ ರಿವ್ಯೂ ಲೆಟರ್ಸ್ ಪತ್ರಿಕೆಯಲ್ಲಿ ಬಂತು. ಜಗತ್ತಿನ ಪ್ರಬಂಧಗಳು ಇಂದಿಗೂ ಅದನ್ನು ಉಲ್ಲೇಖಿಸುತ್ತವೆ.

● ನ್ಯಾನೋಕಣ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಎಂದುಕೊಂಡರೆ ಕೆಟ್ಟಿತು. ಒಂದನೆಯದಾಗಿ ಅವು ತಮ್ಮತಮ್ಮೊಳಗೇ ಗಂಟು ಕಟ್ಟಿಕೊಳ್ಳುತ್ತವೆ, ಗಂಟಾದ ಮೇಲೆ ನ್ಯಾನೋ ಎಂಬ ಲಾಭವೇ ಇಲ್ಲ. ಇನ್ನು, ಅವು ಹರಳುಗಟ್ಟುವಿಕೆಗೆ ಬೀಜವಾಗುತ್ತವೆ. ತಣಿಯುವಾಗ 150ರ ಆಸುಪಾಸಿನಲ್ಲಿ ಗಟ್ಟಿಯಾಗಬೇಕಿದ್ದ ನೈಲಾನ್ ಅದಕ್ಕೂ ಮೇಲಿನ ಉಷ್ಣತೆಯಲ್ಲೇ ಗಟ್ಟಿಯಾಗತೊಡಗುತ್ತದೆ, ಆಗಲೇ ಹೇಳಿದ ಆ ಅಂತರ ಕಿರಿದಾಗುತ್ತದೆ, ಅಂಚು ಸುರುಳಿ ಏಳುತ್ತದೆ. ಮೇಲಾಗಿ ಕರಗಿದ ನೈಲಾನ್ ದಪ್ಪಗಾಗುತ್ತದೆ. ಎರಡು ಕಣಗಳು ಕರಗಿ ಒಂದಾಗುವ ವೇಗ ದ್ರವದ ಸ್ನಿಗ್ಧತೆಗೆ ವಿಲೋಮ ಎಂದು ಸೋವಿಯತ್ ಭೌತವಿಜ್ಞಾನಿ ಯಾಕೊವ್ ಫ್ರೆಂಕೆಲ್ 1945ರಲ್ಲೇ ಸೂತ್ರ ಬರೆದಿದ್ದರು. ದಪ್ಪಗಾದಷ್ಟೂ ಬೆಸುಗೆ ನಿಧಾನ, ಒಳಗೆ ಗಾಳಿಗುಳ್ಳೆ. ಜಾಹೀರಾತಿನಲ್ಲಿ ನ್ಯಾನೋ ಎಂದು ಕಂಡೊಡನೆ ಗಟ್ಟಿ ಮಾಲೆಂದು ನಂಬಬೇಡಿ. ಮುರಿಯುವ ಪರೀಕ್ಷೆಯ ಅಂಕಿಅಂಶ ಕೇಳಿ.

● ಹಾಸಿನಲ್ಲಿ ತುಂಬಿದ ಪುಡಿಯ ಬಹುಪಾಲು ಕರಗದೆ ಉಳಿಯುತ್ತದೆ. ಅದನ್ನು ಹಾಗೇ ಮತ್ತೆ ಬಳಸಲಾಗದು. ಗಂಟೆಗಟ್ಟಲೆ 170 ಡಿಗ್ರಿಯಲ್ಲಿ ಕುಳಿತ ಪುಡಿಗೆ ವಯಸ್ಸಾಗುತ್ತದೆ: ನೈಲಾನಿನ ಸರಪಳಿಗಳು ತುದಿಗೆ ತುದಿ ಸೇರಿ ಉದ್ದವಾಗುತ್ತವೆ, ಕರಗಿದರೂ ಸರಿಯಾಗಿ ಹರಿಯುವುದಿಲ್ಲ, ವಸ್ತುವಿನ ಮೈ ಕಿತ್ತಳೆ ಸಿಪ್ಪೆಯಂತೆ ಕುಳಿಕುಳಿಯಾಗುತ್ತದೆ. ಹಾಗಾಗಿ ಹಳೆಯ ಪುಡಿಗೆ ಸಾಮಾನ್ಯವಾಗಿ ಅರ್ಧದಷ್ಟು ಹೊಸದನ್ನು ಬೆರೆಸುತ್ತಾರೆ. ಪೆಟ್ಟಿಗೆಯೊಳಗೆ ಗಾಳಿಯ ಬದಲು ಸಾರಜನಕ ತುಂಬುವುದು ಪುಡಿ ಸುಟ್ಟು ಹಳದಿಯಾಗದಿರಲೆಂದು.

● ಮುದ್ರಣ ಮುಗಿದ ಕೂಡಲೇ ಬಾಗಿಲು ತೆರೆಯುವಂತಿಲ್ಲ. ದೊಡ್ಡ ಯಂತ್ರವಾದರೆ ತಣಿಯಲು ಮುದ್ರಣಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುವುದುಂಟು. ಅವಸರಪಟ್ಟು ತೆಗೆದರೆ ಭಾಗ ಸೊಟ್ಟಗಾಗುತ್ತದೆ. ನಿಧಾನವಾಗಿ ತಣಿಸಿದರೂ ಶೇಕಡ 3ರಷ್ಟು ಕುಗ್ಗುವುದರಿಂದ ಅಷ್ಟು ದೊಡ್ಡದಾಗಿಯೇ ಗೀಚಲು ಲೇಸರಿಗೆ ಮೊದಲೇ ಹೇಳಿರುತ್ತಾರೆ.

● ನಮ್ಮ ಮೂಳೆಯೂ ಒಂದು ಪಾಲಿಮರ್ ನ್ಯಾನೋಕಾಂಪೊಸಿಟ್ ಎಂಬುದು ಗೊತ್ತೇ? ಕೊಲ್ಯಾಜೆನ್ ಎಂಬ ಪ್ರೋಟೀನ್ ನಾರಿನ ನಡುವೆ ಕೆಲವೇ ನ್ಯಾನೋಮೀಟರ್ ದಪ್ಪದ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಕುಳಿತಿವೆ. ಬರೀ ಹರಳಿದ್ದರೆ ಮೂಳೆ ಪಿಂಗಾಣಿಯಾಗುತ್ತಿತ್ತು, ಬರೀ ಕೊಲ್ಯಾಜೆನ್ ಇದ್ದರೆ ಬಾಗಿಹೋಗುತ್ತಿತ್ತು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಅನುಸರಿಸಿ, ಬ್ಯಾಕ್ಟೀರಿಯಾಗಳು ತಯಾರಿಸುವ ಪಾಲಿಮರಿನ ಸೂಕ್ಷ್ಮ ಗೋಲಿಗಳೊಳಗೆ ಕ್ಯಾಲ್ಸಿಯಂ ಫಾಸ್ಫೇಟ್ ನ್ಯಾನೋಕಣ ತುಂಬಿ, ಲೇಸರಿನಿಂದ ಬೆಸೆದು ಮೂಳೆಕೋಶ ಬೆಳೆಯುವ ಚೌಕಟ್ಟುಗಳನ್ನು ಮಾಡಿದರು. 2010ರಲ್ಲಿ ಪ್ರಕಟವಾದ ಕೆಲಸವಿದು. ಚೌಕಟ್ಟು ಮೈಯೊಳಗೆ ನಿಧಾನವಾಗಿ ಕರಗಿ, ಆ ಜಾಗವನ್ನು ಹೊಸ ಮೂಳೆಗೆ ಬಿಟ್ಟುಕೊಡಬೇಕೆಂಬುದು ಆಶಯ.

● ಕರಗಲು 343 ಡಿಗ್ರಿ ಬೇಕಾದ ಪೀಕ್ ಎಂಬ ಪಾಲಿಮರ್ ಪುಡಿಯನ್ನೂ ಲೇಸರಿನಲ್ಲಿ ಬೆಸೆಯುತ್ತಾರೆ. ಇದಕ್ಕೆ ಬೇರೆಯೇ ಯಂತ್ರ ಬೇಕು, ಬೆಲೆಯೂ ಬಹಳ.

● ಎಚ್ಚರಿಕೆಯ ಮಾತು. ನ್ಯಾನೋನಳಿಕೆಗಳಲ್ಲಿ ಒಂದು ಬಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ 2014ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿದೆ. ಕೆಲಸದ ಜಾಗದ ಗಾಳಿಯಲ್ಲಿ ನ್ಯಾನೋನಳಿಕೆ ಘನಮೀಟರಿಗೆ ಒಂದು ಮೈಕ್ರೋಗ್ರಾಮ್ ಮೀರಬಾರದೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿತು. ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲು. ನೈಲಾನಿನ ಮೈಗೆ ಗಟ್ಟಿಯಾಗಿ ಅಂಟಿದ ಕಣ ಸುಲಭಕ್ಕೆ ಹಾರುವುದಿಲ್ಲ. ಬಿಡಿ ನ್ಯಾನೋಪುಡಿಯನ್ನು ಚೀಲದಿಂದ ಸುರಿಯುವ, ಬೆರೆಸುವ ಗಳಿಗೆಯೇ ಹೆಚ್ಚು ಅಪಾಯದ್ದು. ಬರೀ ನೈಲಾನ್ ಪುಡಿಯೂ ಗಾಳಿಯಲ್ಲಿ ಮೋಡದಂತೆ ಎದ್ದಾಗ ಕಿಡಿ ತಾಗಿದರೆ ಸ್ಫೋಟಿಸುತ್ತದೆ.

● ಭಾರತ ಸರ್ಕಾರ 2022ರ ಫೆಬ್ರುವರಿಯಲ್ಲಿ 3ಡಿ ಮುದ್ರಣದ ಬಗೆಯ ತಯಾರಿಕೆಗಾಗಿಯೇ ರಾಷ್ಟ್ರೀಯ ಕಾರ್ಯತಂತ್ರವೊಂದನ್ನು ಪ್ರಕಟಿಸಿದೆ. ಯಂತ್ರದ ಜೊತೆಗೆ ದೇಶದೊಳಗೇ ಸಾಮಗ್ರಿ ತಯಾರಿಸುವ ಮಾತೂ ಅದರಲ್ಲಿದೆ. ಹರಳುಬೀಜ ನಮ್ಮದು, ದ್ರವದೊಳಗಿನ ಲೇಸರ್ ವಿದ್ಯೆಗೆ ಪುಣೆಯ ಪಾಲು ಇದೆ, ನ್ಯಾನೋಇಂಗಾಲದ ತಿಳಿವಳಿಕೆ ಜಕ್ಕೂರಿನಲ್ಲಿದೆ. ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸಂಸ್ಥೆಯಾದ ಸಿಪೆಟ್‌ನ ಕೇಂದ್ರವೂ ಪಾಲಿಮರ್ ವಿಜ್ಞಾನ ಕಲಿಸುವ ಎಂಜಿನಿಯರಿಂಗ್ ಕಾಲೇಜೂ ಇವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ವಿದ್ಯಾರ್ಥಿಗಳೇ, ಇನ್ನೊಂದು ಪ್ರಿಂಟರ್ ಜೋಡಿಸುವ ಬದಲು ಹರಳೆಣ್ಣೆಯ ನೈಲಾನ್ ಪುಡಿಯೊಂದನ್ನು ಕೈಗೆತ್ತಿಕೊಳ್ಳಿ, ಅದರ ಮೈಮೇಲೆ ಏನು ಕೂರಿಸಬಹುದೆಂದು ನಿಮ್ಮ ಮೇಷ್ಟರನ್ನು ಕೇಳಿ. ಡಬ್ಬಿ ತೆರೆಯುವ ಮೊದಲು ಧೂಳು ತಡೆಯುವ ಸರಿಯಾದ ಮುಖಗವಸು ಹಾಕಿಕೊಳ್ಳುವುದನ್ನು ಮರೆಯಬೇಡಿ.